ನಿಜಾಮರ ಸ್ಟಾಂಪಿನ ಅಂಟು

ಹಲೋ... ಹಲೋ, ಯಾರ್ರೀ ಮಾತಾಡೂದು? ಧಾರವಾಡದಾಗ ಹಳೇ ಸ್ಟಾಂಪ್ ಪರೀಕ್ಷಾ ಮಾಡೂ ಸಾಹೇಬ್ರೇನ್ರಿ?...

ಹಾಂ, ನಮಸ್ಕಾರ್ರೀ ಸರ್. ನಾ ದಾವಲಮಲಿಕ, ಬಸವನ ಬಾಗೇವಾಡಿಯಿಂದ. ಬಸಂತರಾಯನ ಸ್ಟಾಂಪ್ ತಗೊಂಡು ಬಂದಿದ್ನೆಲ್ರೀ, ನಿಜಾಮರ ಕಾಲದ್ದು, ಚಾರ್‌ಮಿನಾರ್ ಚಿತ್ರದ್ದು... ಹೌದ್ರಿ, ಬಸಂತರಾಯ ಅಂದ್ರ ಆಲಮಟ್ಟಿ ಡ್ಯಾಮಿನ ಆಫೀಸಿನ್ಯಾಗ ಜೀಪ್ ಡ್ರೈವರ್ ಇದ್ನಲ್ರೀ, ಅವನ. ಅವಗ ಮೊಣಕಾಲು ಬ್ಯಾನಿ, ಬಸ್ ಹತ್ತಾಕ ಬರೂದಿಲ್ಲಂತ ನನ್ನ ಕೈಯಾಗ ಕೊಟ್ಟು ಕಳಿಸಿದ್ದ...

ಬಂದೇತ್ರಿ, ನಿಮ್ಮ ಸರ್ಟಿಫಿಕೇಟ್ ಬಂದೇತಿ. ಅದರದ ಗದ್ದಲ. ಸ್ಟಾಂಪು ಅಸಲಿ, ಆದ್ರ ತೊಳದು ಹಿಂದ ಬ್ಯಾರೆ ಅಂಟು ಹಚ್ಚ್ಯಾರ ಅಂತ ಬರದೀರಿ, ಅಲ್ರೀ? ಅವ ಅದನ್ನ ಓದಿ, 'ನಮ್ಮಪ್ಪ ಇಟ್ಟ ಸ್ಟಾಂಪಿನ ಅಂಟು ಹೆಂಗಿತ್ತೋ ಹಂಗ ಇತ್ತು. ಇದು ನಂದಲ್ಲ. ದಾರ್ಯಾಗ ಬದಲ ಮಾಡೀಯಲೇ' ಅಂದ. ನನಗ್ರೀ!...

ಇಲ್ರೀ, ದೇವರಾಣಿ ಇಲ್ಲ. ಒಂದ ಸಾಲ್ಯಾಗ ಕಲತವ್ರು ನಾವು. ಅವನ ಮಗಳ ಮದಿವ್ಯಾಗ ಹಂದರಾ ಹಾಕಿದಾಂವ ನಾನು. ಈಗ ಅವನ ಮನಿ ಕಟ್ಟಿ ಹತ್ತಿದ್ರ ಬಾಗಲಾ ಹಾಕ್ಕೊಳ್ತಾನ. ನಿನ್ನೆ ಚಾದಂಗಡ್ಯಾಗ ಎಲ್ಲಾರ ಮುಂದ ಕಳ್ಳ ಅಂದ. ಕೂಳು ಸೇರವಲ್ದ್ರೀ ಸರ್...

ಅದ, ಅದನ್ನ ಹೇಳಾಕ ಫೋನ್ ಮಾಡೇನಿ. ಯಾರು ತೊಳದ್ರು ಅಂತ ಇವತ್ತ ಮುಂಜಾನೆ ಗೊತ್ತಾತು. ಹೊನ್ನವ್ವ ವೈನಿ, ಬಸಂತರಾಯನ ಹೆಂಡ್ತಿ. ಹಿತ್ತಲದಾಗ ಕರದು, ಅಳಕೋತ ಹೇಳಿದ್ಲು. ನಮ್ಮ ಕಡೆ ಕಿಮ್ಮತ್ತಿನ ಸಾಮಾನು ಚಲೋ ಕೆಲಸಕ್ಕ ಮನಿಬಿಟ್ಟು ಹೊಂಟ್ರ ಅರಿಷಿಣ ಕುಂಕುಮ ಹಚ್ಚದ ಕಳಸೂದಿಲ್ರಿ. ಟ್ರ್ಯಾಕ್ಟರಿಗೆ ಹಚ್ಚತಾರ, ಬೀಜದ ಚೀಲಕ್ಕ ಹಚ್ಚತಾರ. ಈಕಿ ಸ್ಟಾಂಪಿಗೂ ಹಚ್ಚ್ಯಾಳ!...

ಹೌದ್ರಿ, ಚಾರ್‌ಮಿನಾರ್ ಮ್ಯಾಲನ. ಆಮ್ಯಾಲ ಹೆದರಿ ಹಸಿ ಅರಿವಿಲೆ ಒರಿಸ್ಯಾಳ, ಹಿಂದಿನ ಅಂಟು ಕರಗೇತಿ. ಜಾಲಿ ಅಂಟು ನೆನಸಿ ಹಚ್ಚಿ, ಒಣಗಿಸಿ, ಏನೂ ಆಗೇ ಇಲ್ಲ ಅನ್ನೂವಂಗ ಪಾಕೀಟಿನಾಗ ಇಟ್ಟಾಳ...

ಹಾಂ? ಅಂಟಿನಾಗ ಹಳದಿ ಕಂಡಿತ್ತೇನ್ರಿ ನಿಮಗ?... ಬ್ಯಾಡ್ರಿ! ಅರಿಷಿಣ ಅಂತ ಬರದು ಕೊಡಬ್ಯಾಡ್ರಿ! ಅವಂದು ಬೆಂಕಿಯಂಥಾ ಸಿಟ್ಟು. 'ನನ್ನ ಹೆಸರು ಹೇಳಬ್ಯಾಡೋ ತಮ್ಮಾ, ಈ ವಯಸ್ಸಿನ್ಯಾಗ ತವರಿಗೆ ಅಟ್ಟತಾನ' ಅಂತ ಕೈಮುಗದಾಳ. ಮಾತು ಕೊಟ್ಟೇನಿ...

ಗೊತ್ತೈತ್ರಿ, ಹೇಳಿದ್ರ ನಾ ಪಾರಾಗ್ತೇನಿ. ಹೆಂಗ ಹೇಳ್ಲಿ? ಒಂದು ಕೆಲಸಾ ಮಾಡ್ರಿ. ನೀವ ಅವಗ ಫೋನ್ ಹಚ್ಚಿ, 'ಸ್ಟಾಂಪು ನಿಂದ ಐತಿ. ಬಸ್ಸಿನ್ಯಾಗ ನೀರು ಚೆಲ್ಲಿ ದಾವಲಮಲಿಕ ಅದನ್ನ ತೊಯಿಸ್ಯಾನ, ಹೆದರಿ ಅಂಟು ಹಚ್ಚ್ಯಾನ, ನನ್ನ ಮುಂದ ಒಪ್ಪಿಕೊಂಡಾನ' ಅಂತ ಹೇಳ್ರಿ...

ಸುಳ್ಳ್ರೀ ಸರ್, ಸುಳ್ಳ. ನಿಮ್ಮ ಬಾಯಿಂದ ಬಂದ್ರ ನಂಬತಾನ. ಕಳ್ಳ ಅನ್ನಿಸ್ಕೊಳ್ಳೂದಕಿಂತ ಹುಚ್ಚಪ್ಯಾಲಿ ಅನ್ನಿಸ್ಕೊಳ್ಳೂದು ಚಲೋ. ನಾಕು ದಿನಾ ಬೈತಾನ, ಬೈಲಿ. ಆಮ್ಯಾಲ ಚಾ ಕುಡಿಯಾಕ ಕರೀತಾನ. ನಿಮ್ಮ ಕಾಲಿಗೆ ಬೀಳ್ತೇನ್ರಿ...

ಏನು?... ಏನಂದ್ರಿ? ಬಸಂತರಾಯ ಫೋನ್ ಮಾಡಿದ್ನಾ? ಯಾವಾಗ?... ಈಗ, ನನಕಿಂತ ಸ್ವಲ್ಪ ಮೊದಲ? ಮತ್ತ ಮೊದಲ ಯಾಕ ಹೇಳಲಿಲ್ರಿ!... ಹೌದ್ರಿ, ಹೌದು, ನಾನ ನಿಮಗ ಬಾಯಿ ತೆರ್ಯಾಕ ಬಿಡಲಿಲ್ಲ. ಏನು ಕೇಳಿದ ಅವ?... ಅಂಟಿನಾಗ ಅರಿಷಿಣ ಇದ್ದಂಗ ಐತಿ ಅಂದುಬಿಟ್ರಾ?...

ಅವ ಏನಂದ?... 'ಅರಿಷಿಣಾ?' ಅಂದ್ನಾ? ಅಷ್ಟಂದು ಫೋನ್ ಇಟ್ನಾ?...

ಅಯ್ಯೋ, ಅವಗ ತಿಳದಿರತೈತಿ, ವೈನಿ ಮನ್ಯಾಗ ಒಬ್ಬಾಕಿನ ಅದಾಳ್ರೀ! ಸರ್, ಇಡಬ್ಯಾಡ್ರಿ. ಅವಗ ಈಗಿಂದೀಗ ತಿರುಗಿ ಫೋನ್ ಹಚ್ರಿ. ಅರಿಷಿಣ ನಂದ ಅಂತ ಹೇಳ್ರಿ. ಬಸ್ಸಿನ್ಯಾಗ ರೊಟ್ಟಿ ಪಲ್ಯಾ ಉಂಡಿದ್ನಿ, ಪಲ್ಯಾದಾಗ ಅರಿಷಿಣ ಇತ್ತು, ಕೈ ತೊಳಕೊಂಡಿದ್ದಿಲ್ಲ ಅಂತ ಹೇಳ್ರಿ. ಆಕಿ ಸ್ಟಾಂಪು ಮುಟ್ಟೇ ಇಲ್ಲ ಅಂತ ಹೇಳ್ರಿ ಸರ್, ಆಕಿ ಮುಟ್ಟೇ...