ಮುಚ್ಚಬಾರದ ಬಾಗಿಲು

ರೋಮ್ ಅಂತ ಒಂದು ಊರು. ಆ ಊರಲ್ಲಿ ಒಬ್ಬ ಶ್ರೀಮಂತ ಇದ್ದ. ಇರಲಿ, ಅವನು ಎಲ್ಲ ಊರಲ್ಲೂ ಇರುತ್ತಾನೆ. ಇವತ್ತಿನದು ಅವನ ಕಥೆಯಲ್ಲ, ಅವನನ್ನು ನಂಬಿದ ಒಬ್ಬ ರೊಟ್ಟಿ ಸುಡುವವನ ಕಥೆ. ವಿಬಿಯಸ್ ಅಂತ ಅವನ ಹೆಸರು.

ಎರಡು ಸಾವಿರ ವರ್ಷದ ಹಿಂದಿನ ಮಾತು. ನೋಡಿ, ಆ ಊರಿನವರಿಗೆ ರಾಜ ಅಂದರೆ ಆಗುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ರಾಜನನ್ನು ಓಡಿಸಿ, ನಮ್ಮನ್ನು ನಾವೇ ಆಳಿಕೊಳ್ಳುತ್ತೇವೆ ಅಂತ ಆಣೆ ಮಾಡಿದ್ದರು. ದೊಡ್ಡವರು ಬಡವರನ್ನು ತುಳಿಯಬಾರದು ಅಂತ ವರ್ಷಕ್ಕೊಮ್ಮೆ ಜನರ ಕಾವಲುಗಾರರನ್ನು ಆರಿಸುತ್ತಿದ್ದರು. ಅಂಥ ಕಾವಲುಗಾರ ಎದುರು ನಿಂತು 'ಬೇಡ' ಅಂದರೆ ಸಾಕು, ಎಂಥ ಅಧಿಕಾರಿಯೂ ಕೈ ಹಿಂದೆ ತೆಗೆಯಬೇಕು. ಆದರೆ ಅವನೇ ಖುದ್ದಾಗಿ ಬಂದು ನಿಂತು ಹೇಳಬೇಕು, ಚೀಟಿ ಕಳಿಸಿದರೆ ನಡೆಯುವುದಿಲ್ಲ. ಅದಕ್ಕೇ ಇನ್ನೊಂದು ಕಟ್ಟಳೆ. ಕಾವಲುಗಾರನ ಮನೆ ಬಾಗಿಲು ಹಗಲಿರುಳು ತೆರೆದೇ ಇರಬೇಕು. ಅನ್ಯಾಯವಾದವರು ಯಾರೇ ಆಗಲಿ, ಓಡಿ ಒಳಗೆ ಬರಬಹುದು. ಎಂಥ ಚಂದದ ಕಟ್ಟಳೆ!

ಆ ವರ್ಷದ ಒಬ್ಬ ಕಾವಲುಗಾರನ ಮನೆ ವಿಬಿಯಸನ ಅಂಗಡಿಯ ಎದುರಿಗೇ ಇತ್ತು.

ಈ ವಿಬಿಯಸ್ ಮಹಾ ಅನುಮಾನದ ಪ್ರಾಣಿ. ಹಿಟ್ಟು ತಂದವನು ಹೊಟ್ಟು ಬೆರೆಸಿದ್ದಾನೆ ಅಂತ ಅನುಮಾನ. ಎಣ್ಣೆಯವನ ಅಳತೆಯ ಮೇಲೆ ಅನುಮಾನ. ಪಕ್ಕದ ಅಂಗಡಿಯ ಬಟ್ಟೆಗೆ ಬಣ್ಣ ಹಾಕುವವನು ನಕ್ಕರೆ, ಯಾಕೆ ನಕ್ಕ ಅಂತ ಅನುಮಾನ. ಒಬ್ಬನ ಮೇಲೆ ಮಾತ್ರ ಇಲ್ಲ. ಯಾರ ಮೇಲೆ? ಶ್ರೀಮಂತನ ಮೇಲೆ.

ಯಾಕೆ ಅಂತೀರಿ? ಬೆಳಗಾದರೆ ಊರಿನ ಅರ್ಧ ಜನ ದೊಡ್ಡವರ ಮನೆಗೆ ಹೋಗಿ, ನಮಸ್ಕಾರ ಹೇಳಿ, ಒಂದು ಬುಟ್ಟಿ ತಿನಿಸು ಪಡೆದು ಬರುವುದು ಅಲ್ಲಿಯ ಪದ್ಧತಿ. ಅಷ್ಟು ಜನರ ನಡುವೆ ಶ್ರೀಮಂತ ಇವನನ್ನು ನೋಡಿ, "ಏನಪ್ಪಾ ವಿಬಿಯಸ್, ಮಗಳ ಜ್ವರ ಇಳೀತಾ?" ಅಂತ ಕೇಳುತ್ತಿದ್ದ. ಆ ಒಂದು ಮಾತಿಗೆ ಇವನು ಬೆಣ್ಣೆಯ ಹಾಗೆ ಕರಗಿಹೋಗುತ್ತಿದ್ದ.

"ಅವನಿಗೆಲ್ಲಿ ನೆನಪಿರುತ್ತೆ?" ಅಂದಳು ಹೆಂಡತಿ. "ಬೆನ್ನ ಹಿಂದೆ ಒಬ್ಬ ಆಳು ನಿಂತು ಕಿವೀಲಿ ಊದ್ತಾನೆ. ನಾನೇ ಕಣ್ಣಾರೆ ನೋಡಿದೀನಿ."

"ನಿಂಗೆ ಹೊಟ್ಟೆಕಿಚ್ಚು ಕಣೆ," ಅಂದ ವಿಬಿಯಸ್. ನೋಡಿ, ಕಟ್ಟಿಕೊಂಡ ಹೆಂಡತಿಯ ಮೇಲೆ ಅನುಮಾನ, ಹೇಳಿಕೊಟ್ಟದ್ದನ್ನು ಒಪ್ಪಿಸಿದವನ ಮೇಲೆ ನಂಬಿಕೆ!

ಒಂದು ಬೆಳಗ್ಗೆ ಶ್ರೀಮಂತ ಅವನ ಹೆಗಲ ಮೇಲೆ ಕೈಯಿಟ್ಟ. "ಆ ಕಾವಲುಗಾರನ ಮನೆ ನಿನ್ನ ಅಂಗಡಿ ಎದುರಿಗೇ ಅಲ್ವಾ? ಪಾಪ, ಒಳ್ಳೆ ಮನುಷ್ಯ. ಆದ್ರೆ ಬಾಗಿಲು ಯಾವಾಗ್ಲೂ ಹಾರು ಹೊಡೆದಿರುತ್ತೆ. ಯಾರ್ಯಾರು ಬರ್ತಾರೋ, ಏನೇನು ತರ್ತಾರೋ. ಸ್ವಲ್ಪ ಗಮನ ಇಡು. ನಾನೇನೂ ಹೇಳ್ತಿಲ್ಲಪ್ಪಾ."

ನಾನೇನೂ ಹೇಳ್ತಿಲ್ಲ! ಮನಸ್ಸಿಗೆ ವಿಷ ಹಾಕುವವರು ಯಾವಾಗಲೂ ಹೀಗೇ ಹೇಳುವುದು.

ಅವತ್ತಿನಿಂದ ವಿಬಿಯಸನ ಒಂದು ಕಣ್ಣು ಒಲೆಯ ಮೇಲೆ, ಇನ್ನೊಂದು ಕಣ್ಣು ಎದುರು ಬಾಗಿಲ ಮೇಲೆ. ಸೆರಗಿನಡಿ ಏನೋ ಮುಚ್ಚಿಕೊಂಡು ಒಬ್ಬ ಹೆಂಗಸು ಹೋದಳು. ಏನದು? ಪರದೇಶದವನಂಥ ಗಡ್ಡದವನೊಬ್ಬ ಹೋದವನು ಬಹಳ ಹೊತ್ತು ಬರಲಿಲ್ಲ. ಯಾಕೆ? ಪಕ್ಕದ ಬಣ್ಣದವನು ಹಣೆಯಲ್ಲಿ ರಕ್ತ ಸುರಿಸಿಕೊಂಡು ಆ ಮನೆಯೊಳಗೆ ಓಡಿದ. "ಶ್ರೀಮಂತನ ಆಳುಗಳು ಹೊಡೆದಿದಾರಂತೆ ರೀ," ಅಂದಳು ಹೆಂಡತಿ. ವಿಬಿಯಸ್ ಕಿವಿಗೇ ಹಾಕಿಕೊಳ್ಳಲಿಲ್ಲ. "ಅವನೂ ಆ ಗುಂಪಿನವನೇ ಅಂತ ನಂಗೆ ಮೊದಲೇ ಗೊತ್ತಿತ್ತು," ಅಂದ. ಮಾರನೆಯ ಬೆಳಗ್ಗೆ ಶ್ರೀಮಂತನ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿ ಬಂದ.

ಇಂಥ ವಿಬಿಯಸರು ಬೀದಿಗೊಬ್ಬರಿದ್ದರು. ತಿಂಗಳೊಳಗೆ ಊರೆಲ್ಲ ಗುಸುಗುಸು. ಕೊನೆಗೆ ಸಭೆ ಕರೆದರು. ಶ್ರೀಮಂತ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ, "ನಮ್ಮ ಕಾವಲುಗಾರರ ಜೀವಕ್ಕೇ ಅಪಾಯ ಇದೆ. ಅವರ ರಕ್ಷಣೆಗೆ ಬಾಗಿಲು ಹಾಕೋಣ. ಕಾಯೋದಕ್ಕೆ ನಮ್ಮ ಆಳುಗಳನ್ನೇ ಕೊಡ್ತೀನಿ."

ಕಾವಲುಗಾರ ಎದ್ದು ನಿಂತು "ಬೇಡ" ಅಂದ. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಕಟ್ಟಳೆ ಹಾಗೇ ಇತ್ತಲ್ಲ? ಆದರೆ ಯಾರಿಗಾಗಿ ಆ ಕಟ್ಟಳೆ ಮಾಡಿದ್ದರೋ ಆ ಜನರೇ ಕೂಗಿ ಅವನನ್ನು ಕೂರಿಸಿದರು. "ಬಾಗಿಲು ಹಾಕೋಕೆ ನಿಂಗ್ಯಾಕಯ್ಯಾ ಭಯ? ಒಳಗೆ ಏನು ನಡೀತಿದೆ?" ಅಂತ ವಿಬಿಯಸ್ ಎಲ್ಲರಿಗಿಂತ ಗಟ್ಟಿಯಾಗಿ ಅರಚಿದ. ಮೇಣ ಬಳಿದ ಹಲಗೆಯ ಮೇಲೆ ಗೀಚಿ ಮತ ಹಾಕುವುದು ಆಗಿನ ಪದ್ಧತಿ. 'ಆಗಲಿ' ಅಂತ ಗೀಚಿ ಬುಟ್ಟಿಗೆ ಹಾಕಿ, ಏನೋ ಸಾಧಿಸಿದವನ ಹಾಗೆ ಮನೆಗೆ ಬಂದ.

ಎರಡು ತಿಂಗಳಾಗಿರಬಹುದು. ಆ ಬೀದಿಯಲ್ಲಿ ತನ್ನ ಹೆಸರಿನ ದೊಡ್ಡ ಕಂಬಗಳ ಮಂಟಪ ಕಟ್ಟಿಸಬೇಕು ಅಂತ ಶ್ರೀಮಂತನಿಗೆ ಆಸೆಯಾಯಿತು. ಅಡ್ಡ ಇದ್ದದ್ದು ಆರು ಅಂಗಡಿ, ಅದರಲ್ಲಿ ವಿಬಿಯಸನದೂ ಒಂದು. ಹಾರೆ ಹಿಡಿದ ಆಳುಗಳು ಬಂದರು. ಒಳಗೆ ರೊಟ್ಟಿ ಇನ್ನೂ ಬೇಯುತ್ತಿತ್ತು, ಹಾಗೇ ಒಲೆ ಒಡೆದರು. ಮಗಳು ಕಿಟಾರನೆ ಕಿರುಚಿದಳು.

ವಿಬಿಯಸ್ ಬೀದಿ ದಾಟಿ ಓಡಿದ. ಹತ್ತೇ ಹೆಜ್ಜೆ. ಬಾಗಿಲು ಹಾಕಿತ್ತು. ಎರಡು ಕೈಯಲ್ಲೂ ಬಡಿದ.

"ಯಾರು ನೀನು?" ಅಂದ ಕಾಯುವ ಆಳು.

"ಎದುರು ಅಂಗಡಿಯವನು! ನನ್ನ ಅಂಗಡಿ ಕೆಡವ್ತಿದಾರೆ, ಕಾವಲುಗಾರರನ್ನ ಕರೀರಪ್ಪಾ!"

"ಅವರು ಹೊರಗೆ ಬರೋ ಹಾಗಿಲ್ಲ. ಜೀವಕ್ಕೆ ಅಪಾಯ ಇದೆ. ನೀವೇ ಅಲ್ವಾ ಮತ ಹಾಕಿದ್ದು?"

ಮೇಲಿನ ಕಿಟಕಿಯಲ್ಲಿ ಕಾವಲುಗಾರ ನಿಂತಿದ್ದ. "ಬೇಡ! ಬೇಡ!" ಅಂತ ಗಂಟಲು ಹರಿದುಕೊಳ್ಳುತ್ತಿದ್ದ. ಕಿಟಕಿಯಿಂದ ಕೂಗಿದ 'ಬೇಡ'ಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಗೋಡೆ ಬಿತ್ತು. ವಿಬಿಯಸ್ ಆ ಹೊಸ್ತಿಲಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಬೀದಿಯವರೆಲ್ಲ ನೋಡುತ್ತಿದ್ದರು, ಒಬ್ಬರೂ ಹತ್ತಿರ ಬರಲಿಲ್ಲ. "ಸುಮ್ನೆ ಯಾಕೆ ಕೆಡವ್ತಾರೆ? ಇವನೇ ಏನೋ ಮಾಡಿರಬೇಕು," ಅಂದುಕೊಂಡರು.

ಆಮೇಲೆ? ಆಮೇಲೂ ಆ ಊರಲ್ಲಿ ವರ್ಷವರ್ಷ ಚುನಾವಣೆ ನಡೆಯಿತು. ಕಾವಲುಗಾರರನ್ನೂ ಆರಿಸಿದರು, ಸಭೆಯೂ ಸೇರಿತು. ತನ್ನನ್ನು ರಾಜ ಅಂತ ಕರೆಯಲು ಆ ಶ್ರೀಮಂತ ಯಾರಿಗೂ ಬಿಡಲಿಲ್ಲ. ಕರೆಯುವ ಅಗತ್ಯವೇನಿತ್ತು ಹೇಳಿ?

ಮುಂದಿನ ಸಾಲಿನವರು ನಗುತ್ತಿದ್ದೀರಿ. ನಗಬೇಡಿ. ಅನುಮಾನ ಪಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಪಡಿ, ಚೆನ್ನಾಗಿ ಪಡಿ. ಆದರೆ ಯಾರ ಮೇಲೆ ಪಡುತ್ತಿದ್ದೀರಿ? ತರಕಾರಿ ಮಾರುವವಳ ತಕ್ಕಡಿಯನ್ನು ಎರಡೆರಡು ಸಲ ನೋಡುತ್ತೀರಿ. ಅದೇ ಸೊಸೈಟಿಯ ವಾರ್ಷಿಕ ಸಭೆಗೆ ಹೋದರೆ, ಬಾಗಿಲಲ್ಲೇ ಪುಸ್ತಕಕ್ಕೆ ಸಹಿ ಹಾಕಿ, ಲಾಡು ಪೊಟ್ಟಣ ಹಿಡಿದು ಹೊರಗೆ ಬರುತ್ತೀರಿ. ಆ ಪುಟದಲ್ಲಿ ಏನು ಬರೆದಿತ್ತು? ಏನೂ ಬರೆದಿರಲಿಲ್ಲ, ಅಲ್ಲವೇ? ನೀವು ಹೋದ ಮೇಲೆ ಬರೆದುಕೊಳ್ಳುತ್ತಾರೆ. ಗ್ರಾಮಸಭೆಯಲ್ಲಿ ಯಾರೋ ಒಬ್ಬ ಎದ್ದು, ಇದು ಯಾಕೆ ಹೀಗೆ ಅಂತ ಕೇಳಿದರೆ ಪಕ್ಕದವರಿಗೆ ಏನು ಹೇಳುತ್ತೀರಿ? 'ಇವನಿಗೆ ಇದರಲ್ಲಿ ಏನೋ ಲಾಭ ಇದೆ.' ಹೇಳಿಲ್ಲವೇ? ಎದೆ ಮುಟ್ಟಿಕೊಂಡು ನೋಡಿ. ನಮ್ಮ ಮಠದ ಸಭೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಕಾವಿ ಉಟ್ಟಿದ್ದಾರೆ ಅಂತ ನನ್ನನ್ನೂ ಬಿಡಬೇಡಿ.

ಬರುವ ಭಾನುವಾರ ನಿಮ್ಮ ಸೊಸೈಟಿ ಸಭೆ ಇದೆಯಂತೆ. ಹೋಗಿ. ಲಾಡು ತಿನ್ನಿ, ಅದಕ್ಕೇನೂ ಅಡ್ಡಿಯಿಲ್ಲ. ಆದರೆ ಓದದೆ ಸಹಿ ಹಾಕಬೇಡಿ. ಖಾಲಿ ಹಾಳೆ ಕೊಟ್ಟರೆ ಪೆನ್ನು ವಾಪಸು ಕೊಡಿ. ನಿಮ್ಮ ಒಳ್ಳೆಯದಕ್ಕೇ ಅಂತ ಯಾರಾದರೂ ಏನನ್ನಾದರೂ ಮುಚ್ಚಲು ಹೊರಟರೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಗಟ್ಟಿಯಾಗಿ ಕೇಳಿ. ಮತ್ತೆ, ಒಬ್ಬ ಎದ್ದು ನಿಂತು ಪ್ರಶ್ನೆ ಕೇಳಿದನೆನ್ನಿ. ಅವನು ನಿಮಗೆ ಆಗದವನೇ ಆಗಿರಲಿ, ನೀವೂ ಎದ್ದು ಅವನ ಪಕ್ಕದಲ್ಲಿ ನಿಲ್ಲಿ. ಮಾತಾಡಲು ಬಾರದಿದ್ದರೆ ಮಾತಾಡಬೇಡಿ, ಸುಮ್ಮನೆ ನಿಂತುಕೊಳ್ಳಿ. ಒಬ್ಬನನ್ನು ಕೂಗಿ ಕೂರಿಸುವುದು ಸುಲಭ. ನಲವತ್ತು ಜನರನ್ನು ಕೂರಿಸಲಿ, ನೋಡೋಣ.