ಆರತಿ ಟೀಚರ್ ಸುಟ್ಟು ನೋಡಿದ ಎಳೆ

ನಮ್ಮನ್ನಗಲಿದ ಆರತಿ ಟೀಚರ್ ಅವರ ತಾಯಿ ಪದ್ಮವ್ವನವರೇ, ಮನೆಯವರೇ, ಘಟಪ್ರಭಾದಿಂದ, ಮಮದಾಪುರದಿಂದ ಬಂದು ಕೂತಿರುವ ಹಿರಿಯರೇ, ಮಕ್ಕಳೇ — ನಿಮಗೆಲ್ಲ ನಮಸ್ಕಾರ.

ನಾನು ಬಸವಣ್ಣೆಪ್ಪ, ಶಾಲೆಯಲ್ಲಿ ಕನ್ನಡ ಹೇಳುವವನು. ಪಕ್ಕದ ಕೋಣೆಯಲ್ಲಿ ಆರತಿ ಟೀಚರ್ ವಿಜ್ಞಾನ ಹೇಳುತ್ತಿದ್ದರು. ಅಲ್ಲಿಂದ ಆಗಾಗ ಸುಟ್ಟ ವಾಸನೆ! ಮಕ್ಕಳು ತಂದ ಮುರಿದ ಬಾಚಣಿಗೆ, ಒಡೆದ ಮಗ್ಗು — ಒಂದು ಚೂರು ಕತ್ತರಿಸಿ ನೀರಿಗೆ ಹಾಕುವುದು, ತೇಲಿತೋ ಮುಳುಗಿತೋ ನೋಡುವುದು, ಇಕ್ಕಳದಲ್ಲಿ ಹಿಡಿದು ಹೀಗೆ ದೀಪಕ್ಕೆ ಒಡ್ಡುವುದು, ಎಂಥ ಪ್ಲಾಸ್ಟಿಕ್ ಎಂದು ಮಕ್ಕಳಿಂದಲೇ ಹೇಳಿಸುವುದು. "ಕಿಡಕಿ ತೆಗೀರಿ, ಹೊಗಿ ಕುಡೀಬ್ಯಾಡ್ರಿ!" ಎಂದು ನಗುತ್ತಿದ್ದರು. ನಗುತ್ತಿದ್ದರು — ಆಗ.

ಹುಕ್ಕೇರಿಗೆ ಮದುವೆ ಮಾಡಿ ಕೊಟ್ಟಿದ್ದ ಟೀಚರ್ ತಂಗಿ ಪ್ರಣಿತಾ ತೊಂಬತ್ತೆಂಟರಲ್ಲಿ ತೀರಿಹೋದಳು. ಸ್ಟೋವ್ ಭುಗಿಲೆದ್ದು ಸೆರಗಿಗೆ ಹತ್ತಿತು. ಸೀರೆ ಕರಗಿ ಮೈಗೆ ಅಂಟಿಕೊಂಡಿತ್ತು.

ಉಳಿದ ಅಂಚಿನ ತುಂಡನ್ನು ಟೀಚರ್ ಮನೆಗೆ ತಂದರು. ಅಂಗಳದಲ್ಲಿ ಕೂತು ಒಂದು ಎಳೆ ಸುಟ್ಟರು. ಹತ್ತಿಯಾಗಿದ್ದರೆ ಬೂದಿಯಾಗಬೇಕಿತ್ತು. ಅದು ಪ್ಲಾಸ್ಟಿಕ್ಕಿನಂತೆ ಮುದುಡಿತು, ಕರಗಿತು, ಕಪ್ಪು ಮಣಿಯಂತೆ ಗಟ್ಟಿಯಾಯಿತು. ಅಪ್ಪಟ ಹತ್ತಿ ಎಂದು ಅಂಗಡಿಯವನು ಕೊಟ್ಟ ಸೀರೆ. ತಂಗಿಯ ಉಡಿ ತುಂಬಲು ಅದನ್ನು ಆರಿಸಿ ತಂದವರು — ಆರತಿ ಟೀಚರೇ.

"ಅವ್ವಾ, ಊರ ಮಕ್ಕಳಿಗೆಲ್ಲಾ ಕಲಿಸಿದ್ನಿ. ನಾ ತಂದ ಸೀರಿ ಮಾತ್ರ ನೋಡಲಿಲ್ಲ."

ಪದ್ಮವ್ವನವರು, "ನನ್ನ ಸೀರಿ ಎಲ್ಲಾ ತರತೇನಿ. ಅವನ್ನರ ನೋಡು" ಎಂದರಂತೆ. ತಾಯಿ ಮಗಳು ಅಳುತ್ತಲೇ ಒಂದೊಂದರ ಎಳೆ ಸುಟ್ಟರು.

ಆಮೇಲೆ ರವಿವಾರಗಳಂದು ಇಬ್ಬರೂ ಹೆಂಗಸರಿಗೆ ಎಳೆ ಸುಟ್ಟು ತೋರಿಸಲು ಹಳ್ಳಿಗಳಿಗೆ ಹೊರಟರು. ಮಮದಾಪುರದಲ್ಲಿ, "ಸೀರಿ ಸುಡಾಕ ಬಂದಾರ ನೋಡ್ರಿ!" ಎಂದು ನಕ್ಕವರು ಗುಡ್ಡಪ್ಪನವರು. ಬೇಜಾರಾಗಬೇಡಿ ಗುಡ್ಡಪ್ಪನವರೇ, ಸುದ್ದಿ ಕೇಳಿ ಶಾಲೆಯಲ್ಲಿ ನಾವೂ ನಕ್ಕೆವು. ನಿಮ್ಮ ಸೊಸೆ ರಾಮವ್ವ ನಗಲಿಲ್ಲ. ಹತ್ತಿರ ಬಂದು ಕೂತಳು.

ಟೀಚರ್ ಆಕೆಗೆ ಹೇಳಿದರು: "ಹತ್ತಿನೂ ಉರಿತೈತಿ, ಯವ್ವಾ. ಆದ್ರ ಕರಗಿ ಮೈಗಿ ಅಂಟಂಗಿಲ್ಲ. ಒಲಿ ಮುಂದ ಕುಂಡ್ರುವಾಗ ಹತ್ತಿ ಸೀರಿನ ಉಡು."

ಮರುವರ್ಷ ರಾಮವ್ವನ ಸೆರಗಿಗೂ ಬೆಂಕಿ ಹತ್ತಿತು. ಉಟ್ಟಿದ್ದು ಹತ್ತಿ, ಮೈಗೆ ಅಂಟಲಿಲ್ಲ; ಉರಿಯುವ ಸೀರೆಯನ್ನು ಕಿತ್ತೆಸೆದಳು. ಕೈ ಸುಟ್ಟಿತು, ಜೀವ ಉಳಿಯಿತು. ಅಗೋ, ಆ ಕಂಬದ ಬಳಿ ಕೂತಿದ್ದಾಳೆ.

ಸುದ್ದಿ ಬಂದ ದಿನ ಟೀಚರ್ ಮೇಜಿಗೆ ತಲೆಯಿಟ್ಟು ಅತ್ತರು. ಸಂತೋಷಕ್ಕೋ, ಪ್ರಣಿತಾಳಿಗಾಗಿಯೋ — ನಾನು ಕೇಳಲಿಲ್ಲ.

ಈ ಮಳೆಗಾಲದಲ್ಲಿ ಕಾಮಾಲೆ ಅವರನ್ನು ಮಲಗಿಸಿತು. ಆಸ್ಪತ್ರೆಯಲ್ಲಿ ಪಕ್ಕದ ಮಂಚದವರ ಮಗಳು ತನ್ನ ಕೂಸಿನ ತಲೆಯ ಕುಲಾಯಿ ತೋರಿಸಿ, "ಅಕ್ಕೋರ, ಇದು ಕುರಿ ಉಣ್ಣಿದ ಐತೇನ್ರಿ?" ಎಂದಳು. ಟೀಚರಿಗೆ ಕೈ ಎತ್ತಲೂ ಶಕ್ತಿ ಇರಲಿಲ್ಲ. ಪದ್ಮವ್ವನವರೇ ಒಂದು ಎಳೆ ತೆಗೆದು, ಹೊರಗೆ ಹೋಗಿ ಸುಟ್ಟು ಬಂದರು. ನಾನು ಅಲ್ಲೇ ಇದ್ದೆ.

"ವಾಸನಿ ಹೆಂಗ ಬಂತವ್ವಾ?"

"ಕೂದಲಾ ಸುಟ್ಟಂಗ."

"ಹಂಗಾರ ಉಣ್ಣಿನ ಐತಿ. ಕೂಸಿಗಿ ಹಾಕ್ರಿ, ಬೆಚ್ಚಗಿರಲಿ."

ಹೇಳಿ ಕಣ್ಣು ಮುಚ್ಚಿದರು. ಮತ್ತೆ ಮಾತಾಡಲಿಲ್ಲ.

ಟೀಚರ್ ನೆನಪಿಗಾಗಿ ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಪದ್ಮವ್ವನವರೇ, ನೀವು ಕೂತಿರಿ — ನಿಮ್ಮ ಸುತ್ತ ನಾವು ನಿಲ್ಲುತ್ತೇವೆ. ಒಂದು ಗಳಿಗೆ — ಮೌನವಾಗಿ.