ಮುಂದೆ ಹೋದ ನಾಯಿ

ಬಸ್ ನಿಲ್ದಾಣದಲ್ಲಿ ದರ್ಜಿಯಮ್ಮನ ಪಕ್ಕಕ್ಕೆ ಬಂದು ಕೂತ ಗೆಳತಿಯರಿಬ್ಬರಿಗೂ ಅವರ ನಾಯಿಗಳೆರಡಕ್ಕೂ ಕೆಸರು ಮೆತ್ತಿತ್ತು. ದರ್ಜಿಯಮ್ಮ ಬಟ್ಟೆಗಂಟನ್ನು ಮಡಿಲಿಗೆಳೆದುಕೊಂಡು ಕಿವಿ ಮಾತ್ರ ಅತ್ತ ಇಟ್ಟಳು. ಕಾಡಿನಲ್ಲಿ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಫೋನ್ ನೋಡಿಕೊಂಡು ಹುಡುಕುವ ಆಟವಂತೆ.

“ನಾವು ಫೋನ್ ತೆಗೆಯೋಕೆ ಮುಂಚೇನೇ ನಾಯಿಗಳು ಸೀದಾ ಡಬ್ಬಿ ಇದ್ದ ಮರದ ಪೊಟರೆಗೇ ಹೋದ್ವಲ್ಲ,” ಎಂದಳು ಟೋಪಿಯವಳು.

“ವಾಸನೆ ಹಿಡಿದಿರ್ತವೆ ಕಣೆ.”

“ಪ್ಲಾಸ್ಟಿಕ್ ಡಬ್ಬಿಗೆ ಎಂಥ ವಾಸನೆ? ನೀನು ಮುಂಚೆ ಬಂದಿದ್ಯಾ?”

“ಜೊತೆಗೇ ಹುಡುಕೋಣ ಅಂತ ಮಾತಾಗಿತ್ತಲ್ಲ, ಒಬ್ಬಳೇ ಯಾಕೆ ಬರ್ಲಿ? ನನ್ನದು ಮೂಸ್ಕೊಂಡು ಹೋಯ್ತು, ನಿನ್ನದು ಅದರ ಹಿಂದೆ ಹೋಯ್ತು.”

“ಮುಂದೆ ಇದ್ದದ್ದು ನನ್ನದು.”

ಗೆಳತಿ ಬೂಟಿನ ಕೆಸರು ಕೆರೆಯತೊಡಗಿದಳು.

“ಹೋದ ವಾರ ನಾನು ಆಸ್ಪತ್ರೇಲಿದ್ದಾಗ ಇವನನ್ನ ನಿನ್ನ ಹತ್ರಾನೇ ಬಿಟ್ಟಿದ್ದೆ,” ಎಂದಳು ಟೋಪಿಯವಳು, ತನ್ನ ನಾಯಿಯ ತಲೆ ಸವರುತ್ತ.

“ಬಸ್ ಬಂತು, ಏಳು.”

“ನೀನು ಹೋಗು. ನಾನು ಮುಂದಿನ ಬಸ್ಸಿಗೆ ಬರ್ತೀನಿ.”

ಗೆಳತಿ ತನ್ನ ನಾಯಿಯೊಂದಿಗೆ ಹತ್ತಿದಳು. ಟೋಪಿಯವಳ ನಾಯಿ ಅವಳ ಕೈಯಿಂದ ಹಗ್ಗ ಕಿತ್ತುಕೊಂಡು ಗೆಳತಿಯ ಹಿಂದೆಯೇ ಬಸ್ ಹತ್ತಿತು.